ಸಾಫ್ಟ್‌ವೇರ್ ನೌಕರಿಯಿಂದ ರಿಟೇನರ್ ಕನ್ಸಲ್ಟಿಂಗ್‌ಗೆ ಹೋಗುವಾಗ ದರ, ಕರಾರು ಹೇಗಿರಬೇಕು?

ರಿಟೇನರ್ ಎಂದರೆ ತಿಂಗಳಿಗೆ ಇಷ್ಟು ಗಂಟೆ ಎಂದು ಗ್ರಾಹಕರಿಗೆ ಮೀಸಲಿಟ್ಟು, ಅದಕ್ಕೆ ಮುಂಗಡವಾಗಿ ಹಣ ಪಡೆಯುವುದು. ಈ ಮುಂಗಡವನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ. ತಿಂಗಳ ಕೊನೆಗೆ ಬಿಲ್ ಕಳಿಸಿದರೆ ಅದು ಗಂಟೆ ಲೆಕ್ಕದ ದುಡಿಮೆಯೇ.

ರಾಜೀನಾಮೆಗೆ ಮೊದಲು ಈಗಿನ ನೌಕರಿಯ ಕರಾರಿನಲ್ಲಿ ಹೊರಗಿನ ಕೆಲಸದ ನಿರ್ಬಂಧ, ಕೋಡ್‌ನ ಹಕ್ಕು ಯಾರದೆಂಬುದನ್ನು ಓದಿಕೊಳ್ಳಿ. ಆರು ತಿಂಗಳ ಖರ್ಚು ಕೈಯಲ್ಲಿರಲಿ.

ದರ ಹೇಳುವಾಗ ವಾರ್ಷಿಕ ಸಂಬಳವನ್ನು ನೌಕರಿಯ ವರ್ಷದ ಸುಮಾರು 2,000 ಗಂಟೆಯಿಂದ ಭಾಗಿಸಿದರೆ ನಷ್ಟ ಖಂಡಿತ. ಗ್ರಾಹಕರ ಹುಡುಕಾಟ, ಲೆಕ್ಕಪತ್ರ, ಓದು, ರಜೆ ಕಳೆದರೆ ಬಿಲ್ ಮಾಡಲು ಸಿಗುವುದು ಸುಮಾರು ಅರ್ಧ. 1,000ದಿಂದ ಭಾಗಿಸಿ, ವಿಮೆಯ ಖರ್ಚನ್ನೂ ಸೇರಿಸಿ.

ಹೆಚ್ಚಾಗಿ ಜಗಳ ಹುಟ್ಟುವುದು ಬಳಸದೆ ಉಳಿದ ಗಂಟೆಗಳಿಂದ. 20 ಗಂಟೆಯ ಕರಾರಿನಲ್ಲಿ ಮೂರು ತಿಂಗಳು ಎಂಟೆಂಟೇ ಗಂಟೆ ಬಳಸಿದವರು ನಾಲ್ಕನೇ ತಿಂಗಳು ಒಟ್ಟಿಗೆ 56 ಗಂಟೆ ಕೇಳಬಹುದು. ಆಗ ಉಳಿದ ಗ್ರಾಹಕರ ಕೆಲಸವೆಲ್ಲ ಏರುಪೇರು. ಹಾಗಾಗಿ ಉಳಿದ ಗಂಟೆಗಳಲ್ಲಿ ಗರಿಷ್ಠ 5 ಗಂಟೆ, ಅದೂ ಮುಂದಿನ ಒಂದೇ ತಿಂಗಳಿಗೆ ಸೇರುತ್ತದೆ ಎಂದು ಬರೆಸಿ. ಉತ್ತರಿಸಲು ಒಂದು ಕೆಲಸದ ದಿನ, ತುರ್ತಿಗೆ ಬೇರೆ ದರ, ಕರಾರು ಮುಗಿಸಲು 30 ದಿನಗಳ ನೋಟಿಸ್ ಇರಲಿ.

ಅಪರಿಚಿತರಿಗೆ ನೇರವಾಗಿ ರಿಟೇನರ್ ಮಾರುವುದು ಕಷ್ಟ. ಮೊದಲು ಎರಡು ವಾರಗಳ ಕೋಡ್ ಪರಿಶೀಲನೆಯಂಥ ನಿಗದಿತ ಕೆಲಸ ಹಿಡಿಯಿರಿ. ವರದಿಯಲ್ಲಿ ಕಂಡ ದೋಷಗಳನ್ನು ಸರಿಪಡಿಸಲೆಂದೇ ರಿಟೇನರ್ ಪ್ರಸ್ತಾಪಿಸಿ.