ಸಾಲಡ್ ತಟ್ಟೇಲಿ ನೀರು ನಿಲ್ಲುತ್ತೆ, ಏನ್ ಮಾಡೋದು?

ಪ್ರಶ್ನೆ: ಅಕ್ಕಾ, ನಮ್ದು ಚಿಕ್ಕ ಹೋಂಸ್ಟೇ. ಗೆಸ್ಟ್‌ಗಳು ಕ್ರೀಮಿ ಡ್ರೆಸ್ಸಿಂಗ್ ಇರೋ ತರಕಾರಿ ಸಾಲಡ್ ಕೇಳ್ತಾರೆ. ಬಾಟ್ಲಿ ಮಯೋನೀಸ್ ಬೇಡ ಅಂತ ಮೊಸರಲ್ಲಿ ಮಾಡಿದ್ರೆ ಟೇಬಲ್‌ಗೆ ಹೋಗೋಷ್ಟ್ರಲ್ಲಿ ತಟ್ಟೆ ತುಂಬ ನೀರು. ಮಳೆಗಾಲದಲ್ಲಂತೂ ಮೊಸರೇ ಸರಿ ಹೆಪ್ಪಾಗಲ್ಲ. ಹಸಿ ಮೊಟ್ಟೆ ಹಾಕಿ ಮಯೋ ಮಾಡ್ಲಾ? ನಮ್ಮ ಕೊಡಗಿನ ಕಪ್ಪು ಹುಳಿ, ಕಾಚಂಪುಳಿ, ಸೇರಿಸ್ಬಹುದಾ?
– ಓದುಗರು, ಮಡಿಕೇರಿ

ಉತ್ತರ: ಮೊಸರನ್ನ ಮಾತ್ರ ಬೈಬೇಡಿ, ಅರ್ಧ ನೀರು ಬರೋದು ಮುಳ್ಳುಸೌತೆ ಮತ್ತೆ ಟೊಮೇಟೊದಿಂದ. ಉಪ್ಪು ಬಿದ್ದ ತಕ್ಷಣ ಹೆಚ್ಚಿದ ತರಕಾರಿ ನೀರು ಬಿಡೋಕೆ ಶುರು ಮಾಡುತ್ತೆ, ಡ್ರೆಸ್ಸಿಂಗಲ್ಲೂ ಉಪ್ಪಿದ್ಯಲ್ಲ, ಅದಕ್ಕೇ ಅಡುಗೆಮನೇಲಿ ಚೆನ್ನಾಗಿದ್ದಿದ್ದು ಟೇಬಲ್ ಮೇಲೆ ಸಾರಾಗೋದು. ಸೌತೆಗೆ ಮೊದ್ಲೇ ಚಿಟಿಕೆ ಉಪ್ಪು ಹಾಕಿ ಹದಿನೈದು ನಿಮಿಷ ಜಾಲರಿ ಪಾತ್ರೇಲಿ ಬಿಟ್ಟು ಹಿಂಡಿ. ಟೊಮೇಟೊ ಬೀಜದ ತಿರುಳು ತೆಗೀರಿ. ಲೆಟ್ಯೂಸ್, ಕ್ಯಾಬೇಜ್ ತೊಳೆದ್ಮೇಲೆ ಬಟ್ಟೇಲಿ ಒತ್ತಿ ಒಣಗಿಸ್ಲೇಬೇಕು, ಒದ್ದೆ ಎಲೆಗೆ ಡ್ರೆಸ್ಸಿಂಗ್ ಅಂಟಲ್ಲ, ಜಾರಿ ತಳಕ್ಕೆ ಹೋಗುತ್ತೆ. ಹಸಿಯಾಗಿ ತಿನ್ನೋದು, ಅದಕ್ಕೆ ಕೊನೇ ಸಲ ತೊಳೆಯೋಕೆ ಕುದಿಸಿ ಆರಿಸಿದ ನೀರೇ ಇರ್ಲಿ.

ಇನ್ನು ಮೊಸರು. ಹೆಪ್ಪಿನ ಬ್ಯಾಕ್ಟೀರಿಯಾಗೆ 40 ಡಿಗ್ರಿ ಆಸುಪಾಸಿನ ಬಿಸಿ ಬೇಕು, ಜುಲೈ ಮಡಿಕೇರೀಲಿ ಅದೆಲ್ಲಿ ಸಿಗ್ಬೇಕು ಪಾಪ. ಉಗುರು ಬೆಚ್ಚಗಿಂತ ಸ್ವಲ್ಪ ಜಾಸ್ತಿ ಬಿಸಿ ಇರೋ ಹಾಲಿಗೆ ಹೆಪ್ಪು ಹಾಕಿ, ಹಾಟ್‌ಬಾಕ್ಸಲ್ಲಿ ಮುಚ್ಚಿ ಟವೆಲ್ ಸುತ್ತಿಡಿ. ಆದ್ಮೇಲೆ ಅರ್ಧ ಲೀಟರ್ ಮೊಸರನ್ನ ತೆಳು ಬಟ್ಟೇಲಿ ಕಟ್ಟಿ ಮೂರ್ನಾಲ್ಕು ಗಂಟೆ ಫ್ರಿಜ್ಜಲ್ಲಿ ಸೋರೋಕೆ ಬಿಡಿ, ಸೋರಿದ ನೀರನ್ನ ಅಕ್ಕಿರೊಟ್ಟಿ ಹಿಟ್ಟಿಗೆ ಹಾಕ್ಕೊಳ್ಳಿ. ಉಳಿದ ಗಟ್ಟಿ ಮೊಸರಿಗೆ ಎರಡು ಚಮಚ ಎಣ್ಣೆ, ಅರ್ಧ ನಿಂಬೆಹಣ್ಣಿನ ರಸ, ಅರ್ಧ ಚಮಚ ಜೇನು, ಅರ್ಧ ಎಸಳು ಬೆಳ್ಳುಳ್ಳಿ ಜಜ್ಜಿದ್ದು, ಉಪ್ಪು, ಆಗ ತಾನೆ ಕುಟ್ಟಿದ ಕರಿಮೆಣಸು. ನಮ್ಮೂರ ಮೆಣಸಿರುವಾಗ ಪ್ಯಾಕೆಟ್ ಪುಡಿ ಹಾಕೋರ ಮೇಲೆ ನಂಗೆ ನಿಜಕ್ಕೂ ಸಿಟ್ಟು ಬರುತ್ತೆ. ಎರಡು ದಿನ ಫ್ರಿಜ್ಜಲ್ಲಿರುತ್ತೆ. ತರಕಾರಿಗೆ ಕಲಸೋದು ಮಾತ್ರ ಬಡಿಸೋ ಹೊತ್ತಿಗೇ.

ಹಸಿ ಮೊಟ್ಟೆ ಬೇಡ, ಅದೂ ಗೆಸ್ಟ್‌ಗಳಿಗೆ. ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಭಯ ಇರುತ್ತೆ, ತೆಲಂಗಾಣ ಸರ್ಕಾರ 2024ರ ಅಕ್ಟೋಬರಲ್ಲಿ ಹಸಿ ಮೊಟ್ಟೆ ಮಯೋನೀಸನ್ನೇ ಒಂದು ವರ್ಷ ಬ್ಯಾನ್ ಮಾಡಿತ್ತು. ಮಯೋನೇ ಬೇಕು ಅಂದ್ರೆ ಅರ್ಧ ಕಪ್ ತಣ್ಣನೆ ಹಾಲು, ಒಂದು ಕಪ್ ಎಣ್ಣೆ ತಗೊಂಡು ಹ್ಯಾಂಡ್ ಬ್ಲೆಂಡರಲ್ಲಿ ಹೊಡೀರಿ, ಗಟ್ಟಿಯಾದ್ಮೇಲೆ ನಿಂಬೆರಸ, ಉಪ್ಪು. ಹಾಲಿನ ಪ್ರೋಟೀನೇ ಎಣ್ಣೆನ ಹಿಡ್ಕೊಳ್ಳುತ್ತೆ.

ಕಾಚಂಪುಳಿ ಬಿಳಿ ಡ್ರೆಸ್ಸಿಂಗಿಗೆ ಹಾಕಿದ್ರೆ ಬಣ್ಣ ಕಂದು, ಹುಳಿ ವಿಪರೀತ. ಅದು ಪಂದಿಕರಿಗೇ ಇರ್ಲಿ. ಹಾಕ್ಲೇಬೇಕಂದ್ರೆ ಎರಡೇ ಹನಿ ಕಾಚಂಪುಳಿನ ಜೇನಲ್ಲಿ ಕಲಸಿ ಮೇಲಿಂದ ಬಿಡಿ.

ಪ್ರಶ್ನೆ: ತೋಟದ ಬಟರ್‌ಫ್ರೂಟಲ್ಲಿ ಡ್ರೆಸ್ಸಿಂಗ್ ಮಾಡಿದ್ರೆ ಸಂಜೆಗೆ ಕಪ್ಪಾಗುತ್ತೆ. ಬೀಜ ಒಳಗಿಟ್ರೆ ಆಗಲ್ಲ ಅಂತಾರೆ, ಹೌದಾ?
– ಓದುಗರು, ಸಿದ್ದಾಪುರ

ಉತ್ತರ: ಬೀಜ ತನ್ನ ಕೆಳಗಿರೋ ಭಾಗಕ್ಕೆ ಮಾತ್ರ ಗಾಳಿ ತಾಗದ ಹಾಗೆ ತಡೆಯುತ್ತೆ, ಅಷ್ಟೇ. ರುಬ್ಬುವಾಗ್ಲೇ ನಿಂಬೆರಸ ಹಾಕಿ, ಮೇಲ್ಗಡೆ ಪ್ಲಾಸ್ಟಿಕ್ ಹಾಳೆನ ಡ್ರೆಸ್ಸಿಂಗಿಗೆ ತಾಗೋ ಹಾಗೆ ಒತ್ತಿ ಮುಚ್ಚಿ. ಹಣ್ಣು ಒತ್ತಿದ್ರೆ ಸ್ವಲ್ಪ ತಗ್ಗೋ ಹದದಲ್ಲಿರ್ಲಿ, ಕಾಯಿ ರುಬ್ಬಿದ್ರೆ ಎಷ್ಟ್ ಎಣ್ಣೆ ಸುರಿದ್ರೂ ಕ್ರೀಮಿ ಆಗಲ್ಲ.