ಬಾಬ್ ತೆಗೆದದ್ದಕ್ಕೆ ಎಫ್ಟೆಲಿಂಗ್‌ಗೆ ಬೈಯುವ ಮೊದಲು

ನೆದರ್ಲೆಂಡ್ಸ್‌ನ ಎಫ್ಟೆಲಿಂಗ್ ಅಮ್ಯೂಸ್‌ಮೆಂಟ್ ಪಾರ್ಕು ಬಾಬ್ ಅನ್ನುವ ಹಳೆಯ ರೈಡನ್ನು ತೆಗೆದದ್ದರ ಬಗ್ಗೆ ಈ ಗುಂಪಿನಲ್ಲಿ ನೀವು ಹಾಕಿದ ಪೋಸ್ಟ್ ಓದಿದೆ. "ಒಳ್ಳೆ ಬಾಬ್ ಕಿತ್ತು ಹಾಕಿ ಮಕ್ಕಳ ರೈಲು ಇಟ್ಟಿದ್ದಾರೆ, ಬರೀ ದುಡ್ಡಿನ ಆಟ, ರಿಪೇರಿ ಮಾಡಿ ಬಣ್ಣ ಹೊಡೆದಿದ್ದರೆ ಸಾಕಿತ್ತು, ಮೇನಲ್ಲಿ ಅಪ್ಪ ಅಮ್ಮ ಬಂದಾಗ ಆ ಕಡೆ ಹೋಗೋದೇ ದಂಡ" ಅಂತ ಬರೆದಿದ್ದೀರಿ. ಸ್ಪೀಡು, ಎತ್ತರ ಎರಡನ್ನೇ ನೋಡಿ ರೈಡಿಗೆ ಬೆಲೆ ಕಟ್ಟುವುದು ನಾನೂ ಮಾಡುತ್ತಿದ್ದ ಕೆಲಸ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಬಣ್ಣದ ಮಾತು ಮೊದಲು ಬಿಡಿ. ಬಾಬ್ 1985ರದ್ದು, ಇಂಟಾಮಿನ್ ಕಂಪನಿಯ ರೈಡು. ಅದಕ್ಕೆ ಹಳಿಯೇ ಇರಲಿಲ್ಲ, ಉಕ್ಕಿನ ಕಾಲುವೆಯೊಳಗೆ ಬಂಡಿ ಗಾಲಿಗಳ ಮೇಲೆ ಉರುಳುತ್ತಿತ್ತು. ತೂಕ ಜಾಸ್ತಿ ಇದ್ದರೆ ತಿರುವಿನಲ್ಲಿ ಮೇಲೇರುತ್ತದೆ, ಕಡಿಮೆ ಇದ್ದರೆ ಕೆಳಗೇ ಹೋಗುತ್ತದೆ. ಆ ಮಜಾ ನನಗೂ ಇಷ್ಟ. ಆದರೆ ಇಂಥ ಬಾಬ್‌ಗಳನ್ನು ಪ್ರಪಂಚದಲ್ಲಿ ಕಟ್ಟಿದ್ದೇ ಕೆಲವು. ಅಮೆರಿಕದ ಸೀಡರ್ ಪಾಯಿಂಟ್ ಪಾರ್ಕಿನದು 2012ಕ್ಕೆ ಮುಗಿಯಿತು. ನ್ಯೂಯಾರ್ಕ್ ರಾಜ್ಯದ ಗ್ರೇಟ್ ಎಸ್ಕೇಪ್‌ನದು 2023ರಲ್ಲಿ ನಿಂತಿತು. ಟೆಕ್ಸಾಸ್‌ನ ಲಾ ವಿಬೋರಾ 2024ರಲ್ಲಿ ಹೋಯಿತು. ಒಂದು ಮಾದರಿಯ ರೈಡುಗಳು ಬೆರಳೆಣಿಕೆಯಷ್ಟೇ ಉಳಿದರೆ ಪ್ರತಿ ಬಿಡಿಭಾಗವನ್ನೂ ಆರ್ಡರ್ ಕೊಟ್ಟೇ ಮಾಡಿಸಬೇಕು.

ಉಕ್ಕಿನ ಆಯಸ್ಸನ್ನು ವರ್ಷದಲ್ಲಿ ಅಳೆಯುವುದಿಲ್ಲ, ಎಷ್ಟು ಸಲ ಭಾರ ಬಿದ್ದು ಎದ್ದಿದೆ ಅನ್ನುವುದರಲ್ಲಿ ಅಳೆಯುತ್ತಾರೆ. ಬಣ್ಣದ ಕೆಳಗೆ ಬೆಸುಗೆ ಹತ್ತಿರ ಕೂದಲೆಳೆ ಬಿರುಕು ಬಂದರೆ ಕಣ್ಣಿಗೆ ಕಾಣಿಸುವುದಿಲ್ಲ. ಅಲ್ಟ್ರಾಸೌಂಡ್, ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ ಮಾಡಬೇಕು. ವಯಸ್ಸಾದಷ್ಟೂ ಪರೀಕ್ಷೆ ಜಾಸ್ತಿ, ಚಳಿಗಾಲದ ದುರಸ್ತಿ ಉದ್ದ. ಕಂಟ್ರೋಲ್ ಕ್ಯಾಬಿನೆಟ್ ಕಥೆ ಬೇರೆ. ಈ ಗುಂಪಿನಲ್ಲಿ ಅರ್ಧ ಜನ ಐಂಡ್‌ಹೋವನ್ ಕಡೆ ಎಂಜಿನಿಯರುಗಳೇ, ಸೀಮೆನ್ಸ್ ಎಸ್5 ಥರದ ಹಳೆಯ ಕಂಟ್ರೋಲರ್‌ಗೆ ಸ್ಪೇರ್ ಹುಡುಕುವುದು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಇಷ್ಟಾದರೂ ರಿಪೇರಿ ಮಾಡಿಸಬಹುದಿತ್ತು, ಅಲ್ವಾ? ಮಾಡಿಸಬಹುದಿತ್ತು. ಎಫ್ಟೆಲಿಂಗ್‌ನ ಇನ್ನೊಂದು ಕೋಸ್ಟರ್ ಪೈಥಾನ್‌ಗೆ ಅದನ್ನೇ ಮಾಡಿದರು. 1981ರ ರೈಡು, 2018ರಲ್ಲಿ ಅದನ್ನು ಕಟ್ಟಿದ ವೆಕೋಮಾ ಕಂಪನಿಯವರೇ ಬಂದು ಟ್ರ್ಯಾಕಿನ ಬಹುಪಾಲು ಹೊಸದು ಹಾಕಿದರು, ಲೇಔಟ್ ಅದೇ ಉಳಿಯಿತು. ಅಲ್ಲಿ ಅದು ಸರಿ, ಏಕೆಂದರೆ ಎರಡು ಲೂಪು, ಕಾರ್ಕ್‌ಸ್ಕ್ರೂ ನೋಡಲೆಂದೇ ಜನ ಬರುತ್ತಾರೆ. ಬಾಬ್‌ನ ತೊಂದರೆ ಬರೀ ಟ್ರ್ಯಾಕಿನದಲ್ಲ, ಥ್ರೂಪುಟ್‌ನದೂ ಹೌದು, ಅಂದರೆ ಗಂಟೆಗೆ ಎಷ್ಟು ಜನರನ್ನು ಸಾಗಿಸುತ್ತದೆ ಅನ್ನುವುದು. ಚಿಕ್ಕ ಬಂಡಿಗಳು, ಒಂದೊಂದಾಗಿ ಬಿಡಬೇಕು. ಹೊಸ ಕಾಲುವೆ ಹಾಕಿದರೂ ಕ್ಯೂ ಅಷ್ಟೇ ಉದ್ದ.

ಇಲ್ಲಿ ನನ್ನ ಒಂದು ವಿಧಾನ ಹೇಳುತ್ತೇನೆ, ದಯವಿಟ್ಟು ಒಮ್ಮೆ ಮಾಡಿ ನೋಡಿ. ಯಾವ ಪಾರ್ಕಿಗೆ ಹೋದರೂ ಕ್ಯೂಗೆ ನಿಲ್ಲುವ ಮೊದಲು ಸ್ಟೇಷನ್ ಕಾಣುವ ಜಾಗದಲ್ಲಿ ಹತ್ತು ನಿಮಿಷ ನಿಲ್ಲಿ. ಫೋನಿನ ಸ್ಟಾಪ್‌ವಾಚ್ ಹಚ್ಚಿ. ಒಂದು ರೈಲು ಹೊರಟದ್ದರಿಂದ ಮುಂದಿನದು ಹೊರಡುವ ತನಕ ಎಷ್ಟು ಸೆಕೆಂಡು ಅಂತ ಬರೆದುಕೊಳ್ಳಿ. ಜೊತೆಗೆ ತಲೆ ಎಣಿಸಿ. ಸೀಟು ಎಣಿಸಬೇಡಿ, ತಲೆ ಎಣಿಸಿ. 3600ನ್ನು ಸೆಕೆಂಡಿನಿಂದ ಭಾಗಿಸಿ ತಲೆಗಳಿಂದ ಗುಣಿಸಿದರೆ ಗಂಟೆಗೆ ಎಷ್ಟು ಜನ ಅಂತ ಸಿಕ್ಕಿತು. ಉದಾಹರಣೆಗೆ, 6 ಜನರ ಬಂಡಿ 30 ಸೆಕೆಂಡಿಗೊಂದು ಹೋದರೆ ಗಂಟೆಗೆ 720. ಅದೇ 30 ಜನರ ರೈಲು 2 ನಿಮಿಷಕ್ಕೊಂದು ಹೋದರೆ 900, ಎರಡು ಟ್ರ್ಯಾಕ್ ಇದ್ದರೆ 1800. ನೋಡುವುದಕ್ಕೆ ಎರಡನೆಯದು ನಿಧಾನ ಅನಿಸುತ್ತದೆ, ಸಾಗಿಸುವುದು ಎರಡೂವರೆ ಪಟ್ಟು.

ಇದರಲ್ಲಿ ಮೋಸ ಹೋಗುವ ಜಾಗಗಳಿವೆ. ಬೆಳಿಗ್ಗೆ ಬಾಗಿಲು ತೆರೆದ ತಕ್ಷಣ ಎಣಿಸಬೇಡಿ, ಎಷ್ಟೋ ಪಾರ್ಕುಗಳು ಒಂದೇ ರೈಲು ಬಿಟ್ಟಿರುತ್ತವೆ. ರೈಲು ಒಂದೇ ಸಲ ಹೊರಟದ್ದನ್ನು ನೋಡಿ ನಿರ್ಧರಿಸಬೇಡಿ, ಯಾವುದೋ ಮಗುವಿನ ಬೆಲ್ಟು ಸಿಕ್ಕಿಕೊಂಡರೆ ಒಂದು ನಿಮಿಷ ಅಲ್ಲೇ ಹೋಗುತ್ತದೆ. ಪವರ್ಡ್ ಕೋಸ್ಟರ್ (ರೈಲಿನಲ್ಲೇ ಇರುವ ಮೋಟರಿನಿಂದ ಓಡುವುದು) ಆದರೆ ಎಷ್ಟು ಸುತ್ತು ಓಡಿಸುತ್ತಿದ್ದಾರೆ ನೋಡಿ. ಒಂದು ಸುತ್ತು ಜಾಸ್ತಿ ಮಾಡಿದರೆ ಕ್ಯೂ ಅಷ್ಟು ಬೆಳೆಯುತ್ತದೆ. ಬೋರ್ಡಿನ ಮೇಲಿನ ಕಾಯುವ ಸಮಯವನ್ನೇ ನಂಬಿ ಒಂದು ಪಾರ್ಕಿನಲ್ಲಿ ಮಧ್ಯಾಹ್ನವೆಲ್ಲ ಕಳೆದವನು ನಾನು. ಅಲ್ಲಿಂದ ಮೇಲೆ ಈ ಎಣಿಕೆ ಬಿಟ್ಟಿಲ್ಲ.

ಬಾಬ್ 2019ರಲ್ಲಿ ನಿಂತಿತು, ಅದೇ ಜಾಗದಲ್ಲಿ 2020ರ ಜೂನ್‌ನಲ್ಲಿ ಮ್ಯಾಕ್ಸ್ ಅಂಡ್ ಮೋರಿಟ್ಸ್ ಬಂತು. ಮ್ಯಾಕ್ ಕಂಪನಿಯ ಪವರ್ಡ್ ಕೋಸ್ಟರ್, ಎರಡು ಟ್ರ್ಯಾಕ್. ಮೋಟರು ರೈಲಿನಲ್ಲೇ ಇರುತ್ತದೆ, ಬಂಡಿಯನ್ನು ಮೇಲೆಳೆಯುವ ಲಿಫ್ಟ್ ಹಿಲ್ ಇಲ್ಲ, ಸರಪಳಿ ಇಲ್ಲ. ಚಳಿಗೆ ಗ್ರೀಸು ಗಟ್ಟಿಯಾಗಿ ಬಂಡಿ ನಿಧಾನವಾಯಿತು, ತೂಕ ಕಡಿಮೆಯಾಯಿತು ಅನ್ನುವ ತಲೆನೋವು ತೀರಾ ಕಮ್ಮಿ. ಎಫ್ಟೆಲಿಂಗ್ ಚಳಿಗಾಲದಲ್ಲೂ ತೆರೆದಿರುವ ಪಾರ್ಕು. ಡಿಸೆಂಬರ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಇದರ ಬೆಲೆ ಗೊತ್ತು.

ಮುಖ್ಯವಾದದ್ದು ಇನ್ನೊಂದು. ಫ್ಯಾಮಿಲಿ ಕೋಸ್ಟರ್ ತೆಗೆದ ಜಾಗಕ್ಕೆ ಎಫ್ಟೆಲಿಂಗ್‌ನದೇ ಜೋರು ಕೋಸ್ಟರ್ ಬ್ಯಾರನ್ ಥರದ್ದನ್ನು ಇಡಲು ಬರುವುದಿಲ್ಲ. ಬ್ಯಾರನ್‌ಗೆ 1.32 ಮೀಟರ್ ಎತ್ತರ ಬೇಕು. ಮಕ್ಕಳು, ಅಪ್ಪ ಅಮ್ಮ, ಅಜ್ಜಿ ಎಲ್ಲರೂ ಒಟ್ಟಿಗೆ ಕೂರುವ ರೈಡು ಹೋಯಿತು ಅಂದರೆ ಇಡೀ ಮನೆಯವರು ಎರಡು ಗುಂಪಾಗಿ ಒಡೆದು ನಿಲ್ಲಬೇಕು. ಆ ಖಾಲಿ ಜಾಗಕ್ಕೆ ಅದರಂಥದ್ದೇ ಬರಬೇಕು. 2009ರಲ್ಲಿ ಇದೇ ಪಾರ್ಕಿನ ಮರದ ಕೋಸ್ಟರ್ ಪೆಗಾಸಸ್ ತೆಗೆದಾಗಲೂ ಅಷ್ಟೇ, 2010ರಲ್ಲಿ ಬಂದ ಯೋರಿಸ್ ಕೂಡ ಮರದ್ದೇ, ಅದಕ್ಕೂ ಎರಡು ಟ್ರ್ಯಾಕ್. ಗ್ರೇಟ್ ಎಸ್ಕೇಪ್‌ನಲ್ಲಿ ಬಾಬ್‌ಸ್ಲೆಡ್ ಹೋದ ಜಾಗಕ್ಕೆ 2024ರಲ್ಲಿ ಬಂದ ಬಾಬ್‌ಕ್ಯಾಟ್ ಸಹ ಫ್ಯಾಮಿಲಿ ಕೋಸ್ಟರ್. ಡಿಸ್ನಿಯವರು ಇನ್ನೂ ಮುಂದೆ ಹೋಗಿದ್ದಾರೆ. ಕ್ಯಾಲಿಫೋರ್ನಿಯಾದ ಸ್ಪೇಸ್ ಮೌಂಟನ್ 2003ರಿಂದ 2005ರವರೆಗೆ ಮುಚ್ಚಿತ್ತು, ಒಳಗೆ ಟ್ರ್ಯಾಕ್ ಪೂರ್ತಿ ಹೊಸದಾಯಿತು, ಓಡುವ ದಾರಿ ಮಾತ್ರ ಹಳೆಯದೇ. ಟೋಕಿಯೋದವರು 2024ರ ಜುಲೈಗೆ ಹಳೆಯದನ್ನು ನಿಲ್ಲಿಸಿ ಕಟ್ಟಡವನ್ನೇ ಹೊಸದಾಗಿ ಕಟ್ಟಲು ಹೊರಟರು, ತೆರೆಯುವುದು 2027ಕ್ಕೆ ಅಂತ ಹೇಳಿದ್ದಾರೆ. ಜಪಾನ್ ಟ್ರಿಪ್ ಹಾಕುವವರು ಇದನ್ನು ನೋಡಿಕೊಂಡು ಟಿಕೆಟ್ ತೆಗೆಯಿರಿ.

"ಮ್ಯಾಕ್ ಅಂದರೆ ಬೋರು" ಅಂತ ಇನ್ನೊಬ್ಬರು ಬರೆದಿದ್ದಾರೆ. ಇದು ತಪ್ಪು ತಿಳಿವಳಿಕೆ. 1780ರಿಂದ ಇರುವ ಮನೆತನದ ಕಂಪನಿ, ಜರ್ಮನಿಯ ಯುರೋಪಾ ಪಾರ್ಕ್ ಅವರದ್ದೇ. ಗ್ರಾಹಕರಿಗೆ ಮಾರುವುದನ್ನು ತಮ್ಮ ಪಾರ್ಕಿನಲ್ಲೇ ದಿನವೂ ಓಡಿಸುವವರು ಬೇರೆ ಎಷ್ಟು ಜನ ಇದ್ದಾರೆ ಹೇಳಿ? ವೆಕೋಮಾ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಎರಡು ಥರ. ಹೊಲದ ಉಪಕರಣ ಮಾಡುತ್ತಾ ಶುರುವಾದ ಲಿಂಬರ್ಗ್ ಕಂಪನಿ, ಹಳೆಯ ಭುಜಪಟ್ಟಿ ರೈಡುಗಳಲ್ಲಿ ಕಿವಿಗೆ ಗುದ್ದು ಗ್ಯಾರಂಟಿ. ಈಚಿನವು ಬೆಣ್ಣೆಯ ಹಾಗೆ ಜಾರುತ್ತವೆ. ಹಳೆಯದನ್ನು ಹತ್ತಿ ಹೊಸದಕ್ಕೆ ಬೈಯಬೇಡಿ.

ಬಾಬ್ ಅನುಭವವೇ ಬೇಕು ಅಂದರೆ ಯುರೋಪಾ ಪಾರ್ಕಿನ ಶ್ವೈಟ್ಸರ್ ಬಾಬ್‌ಬಾನ್ ಇದೆ, ಅದೂ 1985ರದ್ದೇ. ಹೋಗುವ ಮೊದಲು ಆ್ಯಪ್‌ನಲ್ಲಿ ತೆರೆದಿದೆಯಾ ನೋಡಿ.

ಈಗ ನಿಮ್ಮ ಅಪ್ಪ ಅಮ್ಮನ ವಿಷಯ. ಮ್ಯಾಕ್ಸ್ ಅಂಡ್ ಮೋರಿಟ್ಸ್ ಬಿಡಬೇಡಿ, ಆದರೆ ಬೆನ್ನುನೋವು ಇದ್ದರೆ ಕೊನೆ ಸಾಲು ಬೇಡ, ಮಧ್ಯದಲ್ಲಿ ಕೂರಿಸಿ. ತಿರುವಿನಲ್ಲಿ ಪಕ್ಕಕ್ಕೆ ತಳ್ಳುತ್ತದೆ, ಹಗುರ ಇರುವವರು ಒಳಗಡೆ ಕೂರಲಿ, ಇಲ್ಲದಿದ್ದರೆ ನಿಮ್ಮ ತೂಕವೆಲ್ಲ ಅಮ್ಮನ ಮೇಲೆ. ಬಿಪಿ, ಸ್ಟೆಂಟ್ ಇದ್ದರೆ ಇಲ್ಲಿ ಯಾರನ್ನೂ ಕೇಳಬೇಡಿ, ಅವರ ಡಾಕ್ಟರನ್ನೇ ಕೇಳಿ. ಅವತ್ತು ಆಗದಿದ್ದರೆ ಫಾಟಾ ಮೋರ್ಗಾನಾ ದೋಣಿ ಇದೆ, ಡ್ರೋಮ್‌ಫ್ಲುಹ್ಟ್ ಅನ್ನುವ ನಿಧಾನದ ರೈಡ್ ಇದೆ. ಏಪ್ರಿಲ್ ಕೊನೆಯಿಂದ ಮೇ ಶುರುವಿನ ತನಕ ಇಲ್ಲಿ ಶಾಲೆ ರಜೆ ಇರುತ್ತದೆ, ಆಮೇಲಿನ ಮಂಗಳವಾರವೋ ಬುಧವಾರವೋ ಹೋಗಿ. ಕಾರಿಲ್ಲದಿದ್ದರೆ ಟಿಲ್ಬರ್ಗ್ ತನಕ ರೈಲು, ಅಲ್ಲಿಂದ ಪಾರ್ಕಿರುವ ಕಾಟ್ಸ್‌ಹೂವೆಲ್‌ಗೆ ಬಸ್ಸು. ಚಿತ್ರಾನ್ನ ಕಟ್ಟಿಕೊಂಡು ಹೋಗಿ, ಒಳಗೆ ನಮ್ಮ ಸಸ್ಯಾಹಾರಿ ಹಿರಿಯರಿಗೆ ಫ್ರೈಸ್ ಬಿಟ್ಟು ಹೆಚ್ಚೇನೂ ರುಚಿಸುವುದಿಲ್ಲ.