ಹಳೆ ಪ್ಲೇಟಿನ ವಾಲ್ಟ್ಸ್‌ಗೆ ಯಾಕಿಷ್ಟು ಅವಸರ?

ಪ್ರಶ್ನೆ: ವಿಯೆನ್ನಾದ ಸಂಗೀತ ರಚನಕಾರ ಯೋಹಾನ್ ಸ್ಟ್ರೌಸ್ ಅವರು ಮೂರೆಣಿಕೆಯ ಕುಣಿತಕ್ಕೆ ಬರೆದ ವಾಲ್ಟ್ಸ್‌ಗಳನ್ನು ಪಿಯಾನೊಗೆ ಅಳವಡಿಸಿ ನುಡಿಸಿದ ನೂರು ವರ್ಷ ಹಿಂದಿನ ರೆಕಾರ್ಡಿಂಗ್‌ಗಳನ್ನು ಕೇಳುತ್ತಿದ್ದೇನೆ. ಈಗಿನವರು ಹತ್ತು ನಿಮಿಷ ನುಡಿಸುವುದನ್ನು ಆಗಿನವರು ಬೇಗ ಬೇಗ ಮುಗಿಸುತ್ತಾರೆ. ತಾಳವೂ ಸಮ ಇರುವುದಿಲ್ಲ. ಅವರ ಕೈ ಅಷ್ಟು ಪಳಗಿರಲಿಲ್ಲವೇ?

ಉತ್ತರ: ಕೈ ಚೆನ್ನಾಗಿಯೇ ಪಳಗಿತ್ತು. ಅವಸರ ಗ್ರಾಮಫೋನ್ ಪ್ಲೇಟಿನದು, ತಾಳ ಮಾತ್ರ ಅವರದೇ. ಇವೆರಡನ್ನೂ ಬೇರೆ ಬೇರೆ ಕೇಳಬೇಕು.

ಆಗಿನ 12 ಇಂಚಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ನಾಲ್ಕು ನಿಮಿಷ, ಜಾಸ್ತಿ ಅಂದರೆ ನಾಲ್ಕೂವರೆ. 1919ರಲ್ಲಿ ಲಂಡನ್ನಿನಲ್ಲಿ ರೆಕಾರ್ಡಿಂಗ್ ಮಾಡುವಾಗ ಪಿಯಾನೊ ವಾದಕ ಬುಸೋನಿ ಪಟ್ಟ ಪಾಡು ನೋಡಿ. ಗೂನೊ ಅವರ ‘ಫೌಸ್ಟ್’ ಒಪೆರಾದ ವಾಲ್ಟ್ಸ್ ಅನ್ನು ಸಂಗೀತ ರಚನಕಾರ ಫ್ರಾಂಜ್ ಲಿಸ್ಟ್ ಪಿಯಾನೊಗೆ ಅಳವಡಿಸಿದ್ದರು. ಅದು ಹತ್ತು ನಿಮಿಷದ್ದು, ನಾಲ್ಕರಲ್ಲಿ ಮುಗಿಯಬೇಕಿತ್ತು. ಅಲ್ಲೇ ಕತ್ತರಿಸಿ, ತೇಪೆ ಹಾಕಿ ನುಡಿಸಬೇಕಾಯಿತು. ಪೆಡಲ್ ಒತ್ತುವಾಗಲೂ ಯಂತ್ರಕ್ಕೆ ಹೆದರಬೇಕಾಯಿತು ಎಂದು ಅವರು ಹೆಂಡತಿಗೆ ಪತ್ರ ಬರೆದಿದ್ದಾರೆ. ಆಗ ರೆಕಾರ್ಡಿಂಗ್‌ಗೆ ಮೈಕ್ ಬಳಸುತ್ತಿರಲಿಲ್ಲ, ಸದ್ದು ಹಿಡಿಯಲು ಇದ್ದದ್ದು ತಗಡಿನ ಕೊಂಬು. ಅದಕ್ಕೆ ಮೈಕ್ ಬಂದದ್ದು 1925ರಲ್ಲಿ. 1928ರಲ್ಲಿ ಪಿಯಾನೊ ವಾದಕ ಯೋಸೆಫ್ ಲೆವೀನ್ ಸ್ಟ್ರೌಸ್ ಅವರ ‘ನೀಲಿ ಡ್ಯಾನ್ಯೂಬ್’ ನುಡಿಸಿದರು; ಅಳವಡಿಕೆ ಶುಲ್ಟ್ಸ್-ಎವ್ಲರ್ ಅವರದು. ಅದು ಪ್ಲೇಟಿನ ಎರಡೂ ಮಗ್ಗುಲಲ್ಲಿದೆ. ಅಷ್ಟು ಓಟದಲ್ಲೂ ಒಂದೊಂದು ಸ್ವರವೂ ಮಣಿ ಪೋಣಿಸಿದ ಹಾಗೆ ಬಿಡಿಬಿಡಿಯಾಗಿ ಕೇಳುತ್ತದೆ.

ಈಗ ತಾಳ. ನನಗೆ ತುಂಬಾ ಇಷ್ಟದ ವಿಷಯ ಇದು. ಪಿಯಾನೊ ವಾದಕ ಆಲ್ಫ್ರೆಡ್ ಗ್ರುನ್‌ಫೆಲ್ಡ್ ಹುಟ್ಟಿದ್ದು 1852ರಲ್ಲಿ ಪ್ರಾಗ್‌ನಲ್ಲಿ, ಬದುಕು ಕಟ್ಟಿಕೊಂಡದ್ದು ವಿಯೆನ್ನಾದಲ್ಲಿ. ಸ್ಟ್ರೌಸ್ ತಮ್ಮ ‘ವಸಂತದ ದನಿಗಳು’ ವಾಲ್ಟ್ಸ್ ಅನ್ನು ಅರ್ಪಿಸಿದ್ದು ಇವರಿಗೇ. ಇವರ ಎಡಗೈ ಗಮನಿಸಿ. ಒಂದು, ಎರಡು, ಮೂರು ಎಂದು ಎಣಿಸಿದರೆ ಎರಡು ಸ್ವಲ್ಪ ಮುಂಚೆಯೇ ಬಂದು ಒಂದಕ್ಕೆ ಅಂಟಿಕೊಳ್ಳುತ್ತದೆ. ಮೂರಕ್ಕೆ ಮುಂಚೆ ಕೂದಲೆಳೆಯಷ್ಟು ಜಾಗ. ಕುಣಿಯುವವರು ಕಾಲೆತ್ತಿ ತಿರುಗುವುದು ಆ ಜಾಗದಲ್ಲೇ, ಅಲ್ವಾ? ಇದು ವಿಯೆನ್ನಾದ ನಡಿಗೆ. ಸ್ವರಲಿಪಿಯಲ್ಲಿ ಬರೆದಿರುವುದಿಲ್ಲ. ಮೂರನ್ನೂ ಸಮ ಮಾಡಿ ನುಡಿಸಿದರೆ ವಾಲ್ಟ್ಸ್ ಸಪ್ಪೆಯಾಗುತ್ತದೆ.

ಹಾಗಂತ ಕೇಳಿದ ವೇಗವನ್ನೆಲ್ಲ ಸುಮ್ನೆ ನಂಬಬೇಡಿ. ಕೊಂಬಿನ ಕಾಲದ ಪ್ಲೇಟುಗಳೆಲ್ಲ ನಿಮಿಷಕ್ಕೆ ಸರಿಯಾಗಿ 78 ಸುತ್ತಿನವಲ್ಲ. ನಿಧಾನ ಸುತ್ತಿನಲ್ಲಿ ಕೊರೆದದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿಯೂ ಏರುತ್ತದೆ, ಓಟವೂ ಹೆಚ್ಚುತ್ತದೆ. ಮೊಬೈಲಿನಲ್ಲಿ ಟ್ಯೂನರ್ ಆ್ಯಪ್ ಇಟ್ಟು, ಸ್ವರಲಿಪಿಯ ಜೊತೆ ಹೋಲಿಸಿ. ಅರ್ಧ ಸ್ವರ ಮೇಲಿದ್ದರೆ ವೇಗ ಸುಮಾರು ಶೇ 6ರಷ್ಟು ಜಾಸ್ತಿಯಾಗಿದೆ ಎಂದೇ ಲೆಕ್ಕ.

ಮೊದಲು ಗ್ರುನ್‌ಫೆಲ್ಡ್ ಕೇಳಿ, ಆಮೇಲೆ ಲೆವೀನ್. ಚರಪರ ಸದ್ದನ್ನು ಪೂರ್ತಿ ತೆಗೆದು ನುಣುಪು ಮಾಡಿದ ಪ್ರತಿ ಬೇಡ. ಸದ್ದಿನ ಜೊತೆ ಪಿಯಾನೊದ ಮೇಲಿನ ಸ್ವರಗಳ ಹೊಳಪೂ ಹೋಗಿರುತ್ತದೆ.